ಹಿಂದಿರುಗುವ ವಿದ್ಯೆ

2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಬಲ ಎಂಜಿನ್ನಿನಲ್ಲಿ ಜ್ವಾಲೆಯ ಶಂಕೆ ತೋರಿದೊಡನೆಯೇ ಅದರ ಚಾಲಕರು ಮುಂದಣ ಪಯಣವನ್ನು ತೊರೆದು, ಮರಳಿ ಬಂದು, 11 ಗಂಟೆ 12 ನಿಮಿಷಕ್ಕೆ ಕೆಂಪೇಗೌಡ ನಿಲ್ದಾಣದಲ್ಲಿಳಿದರು. 179 ಮಂದಿ ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಜೀವಸಹಿತ ಹೊರಬಂದರು.

ಈ ಹಿಂದಿರುಗುವಿಕೆಯನ್ನು ನಾನು ಮಹಾವಿದ್ಯೆಯೆಂದೇ ಗೌರವಿಸುತ್ತೇನೆ. ಎರಡು ಎಂಜಿನ್ನುಗಳ ವಿಮಾನವು ಒಂದರ ಬಲದಿಂದಲೇ ಏರಬಲ್ಲುದು, ಇಳಿಯಬಲ್ಲುದು. ಆದಕಾರಣ ಅಂಥ ಗಳಿಗೆಯಲ್ಲಿ ಕ್ರಮವೇ ಪ್ರಾಣಾಧಾರ. ಒಬ್ಬ ಚಾಲಕನು ವಿಮಾನದ ಸಮತೋಲವನ್ನಷ್ಟೇ ಕಾಯುತ್ತಿರಲು, ಮತ್ತೊಬ್ಬನು ವಿಧಿಸಿದ ಪಟ್ಟಿಯನ್ನು ಓದಿ, ಕೆಟ್ಟದ್ದು ಯಾವ ಎಂಜಿನ್ನೆಂಬುದನ್ನು ಇಬ್ಬರೂ ಸೇರಿ ನಿಶ್ಚಯಿಸಿಕೊಂಡ ಮೇಲೆಯೇ ಅದರ ಇಂಧನವನ್ನು ತಡೆಯುತ್ತಾನೆ. ಏಕೆಂದರೆ ಅವಸರದಲ್ಲಿ ಒಳ್ಳೆಯ ಎಂಜಿನ್ನನ್ನೇ ನಿಲ್ಲಿಸಿ 47 ಜೀವಗಳನ್ನು ಕಳೆದುಕೊಂಡ ದುರಂತವು 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್‌ನಲ್ಲಿ ನಡೆದುಹೋಗಿದೆ. ಹೊಗೆಸೊಪ್ಪು ಹೇರಿದ ಬಂಡಿಯ ಅಚ್ಚು ಕಿರುಗುಟ್ಟಿದರೆ ನಮ್ಮ ಬಿಳಿಕೆರೆಯ ರೈತನು, ತಾನು ಹೊರಟ ಹುಣಸೂರು ಎಷ್ಟೇ ಸಮೀಪವಿರಲಿ, ಎತ್ತುಗಳನ್ನು ಬಿಚ್ಚಿ ನಿಲ್ಲಬಲ್ಲನು. ಆಕಾಶದಲ್ಲಿರುವವನಿಗೆ ಆ ಭಾಗ್ಯವಿಲ್ಲ, ಚಲಿಸುತ್ತಲೇ ಯೋಚಿಸಬೇಕು.

ನೆಲಕ್ಕಿಳಿದ ಮೇಲೂ ಕ್ರಮವೇ ಕಾಯಬೇಕು: ತುಂಬಿದ ವಿಮಾನವನ್ನು ಅರ್ಧ ದ್ವಾರಗಳಿಂದಲೇ 90 ಸೆಕೆಂಡಿನಲ್ಲಿ ತೆರವು ಮಾಡುವಂತಿರಬೇಕೆಂಬುದು ನಿಯಮ. ಮುಗುಳ್ನಗೆಗಾಗಿ ಹೊಗಳಿಸಿಕೊಳ್ಳುವ ಗಗನಸಖಿಯರನ್ನು, ಜನರನ್ನು ಬೇಗನೆ ಹೊರಗೆ ಕಳುಹಿಸುವ ಈ ಕೌಶಲಕ್ಕಾಗಿ ಹೊಗಳುವವರು ವಿರಳ.