ಮೊದಲ ಇಂಜೆಕ್ಷನ್‌ಗೆ ಮುಂಚೆ

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾದ ಮೇಲೆ, ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಹೃದಯದ ಕಾಯಿಲೆ ಎಂದರೆ ದೊಡ್ಡ ಆಸ್ಪತ್ರೆಯ ಬಾಬತ್ತು, ಜೊಯಿಡಾದಂಥ ಕಾಡಿನ ತಾಲ್ಲೂಕಿಗೆ ಆಂಬುಲೆನ್ಸ್ ಕಾಯುವುದಷ್ಟೇ ಗತಿ ಎಂಬ ಮಾತನ್ನು ನಾನು ಒಪ್ಪಲಾರೆ. ಹೃದಯದ ಒಳಪೊರೆಗೆ ತಗಲುವ ಸೋಂಕಿನಲ್ಲಿ, ಅಂದರೆ ಎಂಡೋಕಾರ್ಡೈಟಿಸ್‌ನಲ್ಲಿ, ಅರ್ಧ ದಾರಿ ತೀರ್ಮಾನವಾಗುವುದು ಮೊದಲು ಜ್ವರ ನೋಡಿದ ವೈದ್ಯರ ಮೇಜಿನ ಮೇಲೆ.

ಚಿಕ್ಕಂದಿನ ಗಂಟಲುಬೇನೆಯ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ಎಷ್ಟೋ ಜನರ ಹೃದಯದ ಕವಾಟವನ್ನು ಕೆಡಿಸಿಟ್ಟಿರುತ್ತದೆ. ವರ್ಷಗಳ ಮೇಲೆ ಹುಳುಕು ಹಲ್ಲಿನಿಂದಲೋ ಕೀವಾದ ಗಾಯದಿಂದಲೋ ರಕ್ತ ಸೇರಿದ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರುತ್ತದೆ. ಬಾಯಿಯ ಸ್ಟ್ರೆಪ್ಟೊಕಾಕಸ್ ಆದರೆ ವಾರಗಟ್ಟಲೆ ಸಣ್ಣ ಜ್ವರ, ಸುಸ್ತು. ಊಟ ಸೇರದು, ತೂಕ ಇಳಿಯುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಆದರೆ ಕೆಲವೇ ದಿನಗಳಲ್ಲಿ ಕವಾಟ ಹರಿದುಹೋಗಬಹುದು. ಅಲ್ಲಿಂದ ಕಳಚಿದ ಚೂರು ಮಿದುಳು ಮುಟ್ಟಿದರೆ ಲಕ್ವ.

ಜೊಯಿಡಾದ ಡಿಗ್ಗಿಯಿಂದಲೋ ಅಣಶಿಯಿಂದಲೋ ಬಂದವರ ಸಣ್ಣ ಜ್ವರಕ್ಕೆ ಟೈಫಾಯ್ಡ್ ಇರಬಹುದೆಂದು ಐದು ದಿನದ ಆಂಟಿಬಯೊಟಿಕ್ ಕೊಡುವುದು ಸುಲಭ. ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಆ ಇಳಿತವೇ ಮೋಸ. ರೋಗಾಣು ಕವಾಟದಲ್ಲೇ ಉಳಿದಿರುತ್ತದೆ, ರಕ್ತದ ಕಲ್ಚರ್‌ನಲ್ಲಿ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಲ್ಲಿ) ಮಾತ್ರ ಸಿಗದಂತಾಗುತ್ತದೆ. ಯಾವ ರೋಗಾಣು ಎಂದು ತಿಳಿಯದೆ ಮುಂದಿನ ವೈದ್ಯರು ಊಹೆಯ ಮೇಲೆ ಔಷಧ ನಡೆಸಬೇಕಾಗುತ್ತದೆ.

ಲ್ಯಾಬ್ ಇಲ್ಲದ ಊರಲ್ಲಿ ಕಲ್ಚರ್ ಎಲ್ಲಿಂದ ಎನ್ನುತ್ತಾರೆ. ರಕ್ತ ತೆಗೆಯಲು ಲ್ಯಾಬ್ ಬೇಕಿಲ್ಲ. ಚರ್ಮವನ್ನು ಚೆನ್ನಾಗಿ ಶುದ್ಧಮಾಡಿ, ಬೇರೆ ಬೇರೆ ಕಡೆ ಚುಚ್ಚಿ, ಮೂರು ಸಲ ರಕ್ತ ತೆಗೆಯಬೇಕು. ದೊಡ್ಡವರಿಗೆ ಬಾಟಲಿಗೆ 8ರಿಂದ 10 ಮಿಲಿಲೀಟರ್. ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು, ಆದಷ್ಟು ಬೇಗ ಕಾರವಾರಕ್ಕೋ ಹುಬ್ಬಳ್ಳಿಗೋ ಮುಟ್ಟಿಸಬೇಕು. ಕ್ಷಯದ ಕಫ ಊರಿಂದೂರಿಗೆ ಹೋಗುವಾಗ ಇದೇಕೆ ಹೋಗಬಾರದು? ತೀರಾ ಬಿಗಡಾಯಿಸಿದವರಿಗೆ ಔಷಧ ತಡಮಾಡುವಂತಿಲ್ಲ, ನಿಜ. ರಕ್ತ ತೆಗೆಯಲು ಬೇಕಾದದ್ದು ಕೆಲವೇ ನಿಮಿಷ.

ಎಕೋ (ಹೃದಯದ ಸ್ಕ್ಯಾನ್), ಶಸ್ತ್ರಚಿಕಿತ್ಸೆಗೆ ದೊಡ್ಡ ಆಸ್ಪತ್ರೆಯೇ ಬೇಕು. ಸಾಮಾನ್ಯವಾಗಿ 4ರಿಂದ 6 ವಾರ ರಕ್ತನಾಳದ ಮೂಲಕ ಔಷಧ; ಅಷ್ಟಾದರೂ ಐವರಲ್ಲಿ ಸುಮಾರು ಒಬ್ಬರು ಉಳಿಯುವುದಿಲ್ಲ. ಪೆನಿಸಿಲಿನ್ ಬರುವ ಮುನ್ನ ಹೆಚ್ಚುಕಡಿಮೆ ಯಾರೂ ಉಳಿಯುತ್ತಿರಲಿಲ್ಲ. ಡೆನ್ಮಾರ್ಕ್‌ನಲ್ಲಿ 400 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಚೇತರಿಸಿಕೊಂಡು ಸ್ಥಿರವಾದವರಿಗೆ ಉಳಿದ ಕೋರ್ಸನ್ನು ಮಾತ್ರೆಯಲ್ಲಿ ಮುಗಿಸಿದರೂ ಫಲಿತಾಂಶ ಕೆಡಲಿಲ್ಲ. ಅವರೂ ಮಾತ್ರೆಗೆ ಇಳಿದದ್ದು ರೋಗಾಣು ಯಾವುದೆಂದು ಗೊತ್ತಾದ ಮೇಲೆಯೇ.

ರುಮ್ಯಾಟಿಕ್ ಜ್ವರ ಬಂದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ತಪ್ಪದಂತೆ ನೋಡಿಕೊಳ್ಳುವುದು ಪ್ರಾಥಮಿಕ ಆರೋಗ್ಯ ಕೇಂದ್ರದ ಕೈಯಲ್ಲೇ ಇದೆ. ನಿಮಗೋ ನಿಮ್ಮವರಿಗೋ ಕವಾಟದ ತೊಂದರೆಯಿದ್ದು, ಕಾರಣ ತಿಳಿಯದ ಜ್ವರ ಬಿಡದೆ ಕಾಡುತ್ತಿದ್ದರೆ ವೈದ್ಯರ ಮುಂದೆ ಕುಳಿತೊಡನೆ ಹೇಳಿ: ಹೃದಯದ ಕವಾಟ ಕೆಟ್ಟಿದೆ, ಆಂಟಿಬಯೊಟಿಕ್ ಕೊಡುವ ಮುಂಚೆ ಕಲ್ಚರ್‌ಗೆ ರಕ್ತ ತೆಗೆಯಿರಿ.