ಲೈಲಾಳ ಆಸೆ, ಅಮ್ಮನ ದುಡಿಮೆ

ಶೊನಾಲಿ ಬೋಸ್ ನಿರ್ದೇಶನದ ‘ಮಾರ್ಗರೀಟಾ ವಿತ್ ಎ ಸ್ಟ್ರಾ’ 2014ರಲ್ಲಿ ಟೊರೊಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಮರುವರ್ಷ ಏಪ್ರಿಲ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಅಂಗವೈಕಲ್ಯ, ಹೆಣ್ತನ, ಲೈಂಗಿಕತೆ ಈ ಮೂರೂ ಒಟ್ಟಿಗೆ ಚರ್ಚೆಗೆ ಬಂದಾಗ ಈಗಲೂ ಈ ಸಿನಿಮಾದ ಹೆಸರು ಬಂದೇ ಬರುತ್ತದೆ. ಆ ಮರ್ಯಾದೆ ಅದಕ್ಕೆ ಸಲ್ಲಬೇಕಾದದ್ದೇ. ಇದನ್ನು ಅಂಗವಿಕಲರ ಹೋರಾಟದ ಸಿನಿಮಾ ಎಂದು ಕರೆಯುವಾಗ ಮಾತ್ರ ನನ್ನ ತಕರಾರಿದೆ.

ಲೈಲಾ (ಕಲ್ಕಿ ಕೊಚ್ಲಿನ್) ದಿಲ್ಲಿಯ ಕಾಲೇಜು ಹುಡುಗಿ. ಸೆರೆಬ್ರಲ್ ಪಾಲ್ಸಿ ಇರುವುದರಿಂದ ವೀಲ್‌ಚೇರಿನಲ್ಲೇ ಓಡಾಟ, ಮಾತು ತೊದಲು. ಕಾಲೇಜಿನ ಬ್ಯಾಂಡಿಗೆ ಹಾಡು ಬರೆದುಕೊಡುತ್ತಾಳೆ, ಹಾಡುವ ಹುಡುಗನ ಮೇಲೆ ಮನಸ್ಸಿಡುತ್ತಾಳೆ. ಸ್ಪರ್ಧೆಯಲ್ಲಿ ಬ್ಯಾಂಡ್ ಗೆದ್ದಾಗ ಬಹುಮಾನ ಕೊಡಲು ಬಂದಾಕೆ, ಹಾಡು ಬರೆದವಳು ಅಂಗವಿಕಲೆ ಎಂದು ತಿಳಿದಮೇಲೆ ಬಹುಮಾನ ಇವರಿಗೇ ಸೇರಬೇಕೆನಿಸಿತು ಎಂಬರ್ಥದ ಮಾತಾಡುತ್ತಾಳೆ. ಲೈಲಾ ವೇದಿಕೆಯ ಮೇಲೆಯೇ ಆಕೆಗೆ ನಡುಬೆರಳು ತೋರಿಸುತ್ತಾಳೆ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ಶಾಲು ಹೊದಿಸಿ, ‘ದೇವರ ಮಕ್ಕಳು’ ಎಂದು ಕಣ್ಣೊರೆಸಿಕೊಳ್ಳುವ ಭಾಷಣಗಳನ್ನು ಕೇಳಿದವರಿಗೆ ಆ ಬೆರಳು ಯಾರತ್ತ ಎಂದು ಬಿಡಿಸಿ ಹೇಳಬೇಕಿಲ್ಲ.

ಮುಂದೆ ಓದಿಗೆಂದು ನ್ಯೂಯಾರ್ಕ್. ಟೈಪಿಂಗಿಗೆ ನೆರವಾಗಲೆಂದು ಕಾಲೇಜಿನಿಂದ ಗೊತ್ತಾದ ಜ್ಯಾರೆಡ್ ಒಂದು ದಿನ ಆಕೆಯನ್ನು ಟಾಯ್ಲೆಟ್ಟಿಗೆ ಕರೆದೊಯ್ದು ಬಟ್ಟೆ ಇಳಿಸಲು ಸಹಾಯ ಮಾಡುತ್ತಾನೆ. ಅಲ್ಲಿಂದಲೇ ಇಬ್ಬರೂ ಕೂಡುತ್ತಾರೆ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ಧೈರ್ಯದ ದೃಶ್ಯವೆನಿಸಿದ್ದು ಇದು. ನೆರವು ಬೇಡುವ ದೇಹವೂ ಆಸೆಪಡುವ ದೇಹವೂ ಒಂದೇ, ಎರಡನ್ನೂ ಬೇರೆಬೇರೆ ಕೋಣೆಯಲ್ಲಿಟ್ಟು ತೋರಿಸಲಾಗದು ಎಂಬುದನ್ನು ಬೋಸ್ ಇಲ್ಲಿ ದಾಟಿಸುತ್ತಾರೆ. ಈ ದೇಶದ ಹಿನ್ನೆಲೆಯಲ್ಲಿ ಅದು ಸಣ್ಣ ಮಾತಲ್ಲ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಯುವತಿಯರನ್ನು ಪುಣೆಗೆ ಕರೆತಂದು ಗರ್ಭಕೋಶ ತೆಗೆಸಿದ್ದರು. ಮುಟ್ಟಿನ ಸಮಯದಲ್ಲಿ ಅವರನ್ನು ನೋಡಿಕೊಳ್ಳುವುದು ಕಷ್ಟ ಎಂಬುದೇ ಕಾರಣ. ಸಿನಿಮಾ ತಯಾರಾಗುತ್ತಿದ್ದ ಹೊತ್ತಿಗೆ, 2013ರ ಡಿಸೆಂಬರಿನಲ್ಲಿ, ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿಗೆ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟಿತ್ತು. ಅಂಥ ಕಾಲದಲ್ಲಿ ಲೈಲಾ ಒಬ್ಬ ಗಂಡನ್ನೂ ಒಬ್ಬ ಹೆಣ್ಣನ್ನೂ ಯಾರ ಅಪ್ಪಣೆಯಿಲ್ಲದೆ ಬಯಸುತ್ತಾಳೆ.

ಆ ಹೆಣ್ಣು ಖಾನುಮ್ (ಸಯಾನಿ ಗುಪ್ತಾ). ಪಾಕಿಸ್ತಾನ, ಬಾಂಗ್ಲಾ ಮೂಲದವಳು, ಕಣ್ಣು ಕಾಣದವಳು, ಹೋರಾಟಗಾರ್ತಿ. ಮ್ಯಾನ್‌ಹಟನ್‌ನ ಪ್ರತಿಭಟನೆಯೊಂದರ ವೇಳೆ ಇಬ್ಬರಿಗೂ ಪರಿಚಯವಾಗುತ್ತದೆ. ನನ್ನ ಜಗಳ ಶುರುವಾಗುವುದೂ ಇಲ್ಲೇ. ಪರಿಚಯವಾದದ್ದೇ ತಡ, ಪ್ರತಿಭಟನೆ ಚಿತ್ರಕಥೆಯಿಂದ ಮಾಯ! ಖಾನುಮ್ ಯಾವ ಬೇಡಿಕೆಗಾಗಿ ಬೀದಿಗಿಳಿಯುತ್ತಾಳೆ, ಅವಳ ಜೊತೆಗಾರರು ಯಾರು ಎಂಬುದರ ಗೋಜಿಗೇ ಸಿನಿಮಾ ಹೋಗುವುದಿಲ್ಲ. ಅವಳು ಲೈಲಾಳಿಗೆ ತನ್ನನ್ನು ತಾನು ಅರಿಯಲು ನೆರವಾಗಿ, ಅವಳಿಂದಲೇ ಮೋಸ ಹೋಗಿ, ಹೊರನಡೆಯುತ್ತಾಳೆ. ದಿಲ್ಲಿಯಲ್ಲಿ ಲೈಲಾಳನ್ನು ಇಷ್ಟಪಟ್ಟಿದ್ದ ಧ್ರುವ್, ಅವನೂ ವೀಲ್‌ಚೇರಿನವನೇ, ಇನ್ನೂ ಮೊದಲೇ ಹಿಂದೆ ಉಳಿದಿರುತ್ತಾನೆ. ಅಂಗವಿಕಲರು ಪರಸ್ಪರರಿಗೆ ಏನಾಗಬಲ್ಲರು ಎಂಬ ಪ್ರಶ್ನೆ ಎರಡು ಸಲ ಬಾಗಿಲು ತಟ್ಟಿ ವಾಪಸು ಹೋಗುತ್ತದೆ.

2005ರ ಸುಮಾರಿಗೆ ಅಮೆರಿಕದಲ್ಲಿ ಪ್ಯಾಟಿ ಬರ್ನ್, ಮಿಯಾ ಮಿಂಗಸ್, ಸ್ಟೇಸಿ ಮಿಲ್ಬರ್ನ್ ಮೊದಲಾದವರು ಎತ್ತಿದ್ದು ಇದೇ ಪ್ರಶ್ನೆ. ಅಂಗವೈಕಲ್ಯದ ಜೊತೆಗೆ ಬಣ್ಣ, ಲಿಂಗ, ಲೈಂಗಿಕತೆಯ ಕಾರಣಕ್ಕೂ ಅಂಚಿಗೆ ತಳ್ಳಿಸಿಕೊಂಡವರು ಇವರು. ಇವರಲ್ಲಿ ಕೆಲವರು ‘ಸಿನ್ಸ್ ಇನ್‌ವ್ಯಾಲಿಡ್’ ಎಂಬ ರಂಗತಂಡದ ಮೂಲಕ ತಮ್ಮ ದೇಹಗಳನ್ನೇ ಕಾಮನೆಯ ದೇಹಗಳಾಗಿ ವೇದಿಕೆಗೆ ತಂದರು. ಹಕ್ಕಿನ ಕಾಯ್ದೆಯೊಂದೇ ಸಾಲದು, ಒಬ್ಬರಿಗೊಬ್ಬರು ಆಗಿಬರುವ ಬದುಕು ಬೇಕು ಎಂಬುದು ಅವರ ವಾದದ ತಿರುಳು. ಅವರ ಹತ್ತು ತತ್ವಗಳಲ್ಲಿ ಪರಸ್ಪರಾವಲಂಬನೆಯೂ ಒಂದು. ಆ ಕಣ್ಣಿನಿಂದ ನೋಡಿದರೆ ಲೈಲಾಳದ್ದು ಒಂಟಿ ಬಿಡುಗಡೆ.

ಆ ಬಿಡುಗಡೆಯ ಖರ್ಚು ಹೊರುವವಳು ಅಮ್ಮ. ರೇವತಿ ಈ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ಪಾತ್ರಕ್ಕೆ ಆಗಿರುವ ಅನ್ಯಾಯ ನಮ್ಮ ಗಮನಕ್ಕೇ ಬರುವುದಿಲ್ಲ. ವ್ಯಾನ್ ಓಡಿಸುವವಳು ಅವಳು, ಮಗಳಿಗೆ ಸ್ನಾನ ಮಾಡಿಸುವವಳೂ ಅವಳೇ. ಮಗಳು ತಾನು ‘ಬೈ’, ಅಂದರೆ ಬೈಸೆಕ್ಷುವಲ್, ಎಂದು ಹೇಳಿಕೊಂಡಾಗ ಅಮ್ಮನ ಕಿವಿಗೆ ಅದು ಮನೆಗೆಲಸದ ‘ಬಾಯಿ’ ಎಂದು ಬೀಳುತ್ತದೆ. ಈ ಮನೆಯಲ್ಲಿ ತಾನೂ ಅದೇ ಆಗಿದ್ದೇನೆ ಎನ್ನುವ ಧಾಟಿಯಲ್ಲಿ ಉತ್ತರ ಬರುತ್ತದೆ. ಜನ ನಗುತ್ತಾರೆ, ದೃಶ್ಯ ಮುಂದೆ ಸಾಗುತ್ತದೆ. ಸಿನಿಮಾ ಅಲ್ಲಿ ನಿಲ್ಲಬೇಕಿತ್ತು. ಆಮೇಲೆ ಅಮ್ಮನಿಗೆ ಕ್ಯಾನ್ಸರ್, ಸಾವು. ಅವಳ ನಂತರ ಲೈಲಾಳನ್ನು ಯಾರು ಎಬ್ಬಿಸಿ ಕೂರಿಸುತ್ತಾರೆ, ಅದಕ್ಕೆ ಸಂಬಳ ಯಾರು ಕೊಡುತ್ತಾರೆ ಎಂಬುದು ಚಿತ್ರಕಥೆಗೆ ಹೊಳೆಯುವುದೇ ಇಲ್ಲ.

ಪಾತ್ರವರ್ಗದ ಬಗ್ಗೆ ಹೆಚ್ಚು ಎಳೆಯಲಾರೆ. ಕಲ್ಕಿಯ ಶ್ರಮ ದೊಡ್ಡದು. ಆದರೆ ಲೈಲಾ, ಖಾನುಮ್ ಇಬ್ಬರನ್ನೂ ಅಂಗವೈಕಲ್ಯವಿಲ್ಲದ ನಟಿಯರೇ ಮಾಡಿದ್ದಾರೆ. ಅದೇ ಸುಮಾರಿಗೆ ಬಂದ ನಮ್ಮ ‘ನಾನು ಅವನಲ್ಲ ಅವಳು’ ಚಿತ್ರದ ಟ್ರಾನ್ಸ್‌ಜೆಂಡರ್ ಪಾತ್ರಕ್ಕೆ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಬಂದಾಗಲೂ ಇದೇ ಪ್ರಶ್ನೆ ಕೇಳಬಹುದಿತ್ತು: ಪ್ರಶಸ್ತಿ ಪಾತ್ರದ ಬದುಕಿಗೋ, ಅದನ್ನು ನಟಿಸಿದ ಸಾಹಸಕ್ಕೋ?

ಕರ್ನಾಟಕದಲ್ಲಿ ಅಂಗವಿಕಲರನ್ನು ಮದುವೆಯಾಗುವ ಸಾಮಾನ್ಯ ವ್ಯಕ್ತಿಗೆಂದು 50 ಸಾವಿರ ರೂಪಾಯಿ ಪ್ರೋತ್ಸಾಹಧನದ ಯೋಜನೆ ಬಂದದ್ದನ್ನು ಇಲ್ಲಿ ನೆನೆಯಬೇಕು. ಉದ್ದೇಶ ಒಳ್ಳೆಯದಿರಬಹುದು. ಆದರೆ ಅದರೊಳಗಿನ ಲೆಕ್ಕ ನೋಡಿ: ಇಂಥವರನ್ನು ಕಟ್ಟಿಕೊಳ್ಳುವುದು ತ್ಯಾಗ, ತ್ಯಾಗಕ್ಕೊಂದು ಪರಿಹಾರ. ಲೈಲಾ ಮತ್ತು ಖಾನುಮ್ ಯಾವ ಅರ್ಜಿ ನಮೂನೆಯಲ್ಲೂ ಹಿಡಿಸುವುದಿಲ್ಲ. ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದಕ್ಕೆ ಬೋಸ್ ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ.

ಲೈಲಾಳ ಪಾತ್ರಕ್ಕೆ ಪ್ರೇರಣೆ ಬೋಸ್ ಅವರ ಸೋದರಸಂಬಂಧಿ ಮಾಲಿನಿ ಛಿಬ್. ಒಂದೇ ಬೆರಳಿನಲ್ಲಿ ಟೈಪ್ ಮಾಡಿ ಅವರು ಬರೆದ ಆತ್ಮಕಥೆ ‘ಒನ್ ಲಿಟಲ್ ಫಿಂಗರ್’. ಲಂಡನ್ನಿನಲ್ಲಿ ಓದುವಾಗ ವಿದ್ಯುತ್ ವೀಲ್‌ಚೇರ್ ಅವರಿಗೆ ತಂದುಕೊಟ್ಟ ಸ್ವಾತಂತ್ರ್ಯದ ಕಥೆ ಅದರಲ್ಲಿದೆ. ಸಿನಿಮಾ ನೋಡಿದವರು ಆ ಪುಸ್ತಕವನ್ನೂ ಓದಿ. ಬೋಸ್ ಬಿಟ್ಟ ಅರ್ಧ ಅಲ್ಲಿ ಸಿಗುತ್ತದೆ.