ಹಳೆಯ ಆಟಕ್ಕೂ ಒಂದಿಷ್ಟು ಜಾಗ

ಹೊಸ ವೀಡಿಯೋ ಗೇಮ್ ಪೆಟ್ಟಿಗೆಯೊಂದು ಬರಲಿದೆ ಎಂಬ ಗಾಳಿಸುದ್ದಿ ಹುಟ್ಟಿದರೆ ಸಾಕು, ಆಡುವ ಹುಡುಗ ಹುಡುಗಿಯರೆಲ್ಲ ತಮಗೇನೇನು ಬೇಕೆಂದು ಪಟ್ಟಿ ಬರೆಯಲು ಕೂತುಬಿಡುತ್ತಾರೆ. ಮದುವೆ ಮನೆಯ ಸಾಮಾನಿನ ಚೀಟಿಯಾದರೂ ಎಲ್ಲೋ ಒಂದು ಕಡೆ ಮುಗಿಯುತ್ತದೆ, ಇದಕ್ಕೆ ಕೊನೆಯೇ ಇಲ್ಲ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನ ದಯೆಯಿಂದ ಇಂಥ ಪಟ್ಟಿಗಳನ್ನು ನಾನು ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಯುಗಾದಿಗೆ ಹೊಸ ಪಂಚಾಂಗ ತಂದು ಮಳೆ ಬೆಳೆಯ ಫಲ ನೋಡುವವರಿಲ್ಲವೇ, ಹಾಗೆಯೇ ಇದೂ ಒಂದು ಚಟ ಎನ್ನಿ. ಓದಿ ಓದಿ ನನಗೊಂದು ಅಭಿಪ್ರಾಯವೂ ಬೆಳೆದಿದೆ. ಈ ಹುಡುಗರು ಕೇಳುವುದೆಲ್ಲ ಹೊಸದು ಎಂದು ಕಂಪನಿಯವರು ತಿಳಿದಿದ್ದಾರೆ. ಪಟ್ಟಿಯನ್ನು ಕೊನೆಯವರೆಗೂ ಓದಿದರೆ ಅರ್ಧಕ್ಕರ್ಧ ಹಳೆಯದನ್ನು ಕಿತ್ತುಕೊಳ್ಳಬೇಡಿ ಎಂಬ ಬೇಡಿಕೆಯೇ ಕಾಣುತ್ತದೆ.

ಈ ಲೋಕದ ಪರಿಚಯವಿಲ್ಲದವರಿಗೆ ಎರಡು ಮಾತು. ಕನ್ಸೋಲ್ ಎಂದರೆ ಟೀವಿಗೆ ಜೋಡಿಸಿ ಆಡುವ ಪೆಟ್ಟಿಗೆ. ಜಪಾನಿನ ನಿಂಟೆಂಡೊ ಮತ್ತು ಸೋನಿ, ಅಮೆರಿಕದ ಮೈಕ್ರೋಸಾಫ್ಟ್, ಈ ಮೂವರದೇ ಇಲ್ಲಿ ಕಾರುಬಾರು. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಗಳಿಗೆ ಬಂದಿತ್ತಲ್ಲ, ಕ್ಯಾಸೆಟ್ಟು ಸಿಕ್ಕಿಸಿ ಮಾರಿಯೋನನ್ನು ಹಾರಿಸುವ ಅಗ್ಗದ ಪೆಟ್ಟಿಗೆ, ಅದು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಹೊರತಂದ ಫ್ಯಾಮಿಕಾಮ್‌ನ ನಕಲು. ಸೋನಿಯ ಪ್ಲೇಸ್ಟೇಷನ್ ಹುಟ್ಟಿದ್ದು 1994ರಲ್ಲಿ. ಎರಡನೆಯದು 2000, ಮೂರನೆಯದು 2006, ನಾಲ್ಕನೆಯದು 2013, ಐದನೆಯದು 2020. ಆರೇಳು ವರ್ಷಕ್ಕೊಂದು ತಲೆಮಾರು ಮುಗಿಯುತ್ತದೆ. ನಮ್ಮ ಮನೆಯ ರುಬ್ಬುವ ಯಂತ್ರ ಅದಕ್ಕಿಂತ ಹೆಚ್ಚು ಕಾಲ ಬಾಳಿದೆ.

ಪಟ್ಟಿಯ ಮೊದಲ ಸಾಲುಗಳಲ್ಲಿ ಯಾವಾಗಲೂ ಚಿತ್ರದ ಮಾತು. ಚಿತ್ರ ಇನ್ನೂ ನಿಚ್ಚಳವಾಗಬೇಕು, ನೀರು ನೀರಿನ ಹಾಗೇ ಹೊಳೆಯಬೇಕು, ನೆರಳು ಬೀಳಬೇಕಾದಲ್ಲೇ ಬೀಳಬೇಕು. ಕಂಪನಿಗಳಿಗೂ ಇದು ಪ್ರಿಯ, ಯಾಕೆಂದರೆ ಜಾಹೀರಾತಿನಲ್ಲಿ ತೋರಿಸಲು ಬರುವುದು ಇದೊಂದೇ. ಪ್ಲೇಸ್ಟೇಷನ್ 5ರ ರಟ್ಟಿನ ಡಬ್ಬದ ಮೇಲೆ '8ಕೆ' ಎಂದು ಅಚ್ಚು ಹಾಕಿಸಿದ್ದರು. ಅಷ್ಟು ಸೂಕ್ಷ್ಮದ ಟೀವಿ ಎಷ್ಟು ಮನೆಗಳಲ್ಲಿದೆಯೋ ದೇವರೇ ಬಲ್ಲ. 2024ರ ಹೊತ್ತಿಗೆ ಆ ಅಚ್ಚು ಸದ್ದಿಲ್ಲದೆ ಮಾಯವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಯಂತ್ರದ ಮುಖ್ಯ ವಿನ್ಯಾಸಕಾರ ಮಾರ್ಕ್ ಸೆರ್ನಿ ಸ್ವಾರಸ್ಯದ ಸಂಗತಿಯೊಂದನ್ನು ಬಾಯಿಬಿಟ್ಟು ಹೇಳಿದರು. ಈಚಿನ ಅನೇಕ ಆಟಗಳಲ್ಲಿ ಆಡುವವರೇ ಆರಿಸಿಕೊಳ್ಳಬಹುದು: ಚಿತ್ರ ಚೆಂದವಿರಬೇಕೋ, ಚಲನೆ ನಯವಾಗಿರಬೇಕೋ? ಚೆಂದ ಬೇಕೆಂದರೆ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಓಡುತ್ತವೆ, ನಯ ಬೇಕೆಂದರೆ 60. ನಾಲ್ಕರಲ್ಲಿ ಮೂರು ಪಾಲು ನಯವನ್ನೇ ಆರಿಸುತ್ತಾರಂತೆ. ಬಾಯಲ್ಲಿ ಕೇಳುವುದು ಚೆಂದ, ಕೈಗೆ ಬೇಕಾದ್ದು ಹೇಳಿದ ಮಾತು ಕೇಳುವ ಆಟ! ಸೀರೆ ಅಂಗಡಿಯಲ್ಲಿ ಜರಿ ನೋಡಿ ಬೆರಗಾಗಿ, ಕೊನೆಗೆ ಒಗೆಯಲು ಸುಲಭವಾದ ಹತ್ತಿ ಸೀರೆ ಕಟ್ಟಿಸಿಕೊಂಡು ಬರುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ಹಾಗೆಂದು ಯಂತ್ರದ ಬಲವೆಲ್ಲ ವ್ಯರ್ಥ ಎನ್ನಲಾರೆ. ಹಿಂದಿನ ಪೆಟ್ಟಿಗೆಗಳಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಬೇಕಾದರೆ ಕಪ್ಪು ಪರದೆ ನೋಡುತ್ತ ಕೂರಬೇಕಿತ್ತು. ನನ್ನ ತಂಗಿಯ ಮಗ ಆ ಸಮಯದಲ್ಲಿ ಒಂದು ತಟ್ಟೆ ಉಪ್ಪಿಟ್ಟು ಮುಗಿಸುತ್ತಿದ್ದ. ಐದನೆಯ ಪ್ಲೇಸ್ಟೇಷನ್‌ನಲ್ಲಿ ತಿರುಗುವ ಡಿಸ್ಕಿನ ಬದಲು ಚಿಪ್ಪಿನ ನೆನಪು ಇಟ್ಟು ಈ ಕಾಯುವಿಕೆಯನ್ನು ಬಹುಮಟ್ಟಿಗೆ ಅಳಿಸಿದರು. ನನ್ನ ಲೆಕ್ಕದಲ್ಲಿ ಈ ತಲೆಮಾರಿನ ನಿಜವಾದ ಸಾಧನೆ ಅದು. ಆದರೆ ಬಲವೇ ಗೆಲ್ಲಿಸುತ್ತದೆ ಎಂಬ ಮಾತಿಗೆ ಚರಿತ್ರೆಯ ಸಾಕ್ಷಿ ಕಡಿಮೆ. 1989ರಲ್ಲಿ ನಿಂಟೆಂಡೊದ ಗುಂಪೇ ಯೊಕೊಯಿ ಎಂಬಾತ ಗೇಮ್ ಬಾಯ್ ಎಂಬ ಅಂಗೈ ಪೆಟ್ಟಿಗೆ ಮಾಡಿದಾಗ ಅದಕ್ಕೆ ಬಣ್ಣವೇ ಇರಲಿಲ್ಲ, ಪಾಚಿ ಹಸಿರು ಪರದೆ. ಎದುರಾಳಿಗಳದು ಬಣ್ಣಬಣ್ಣದ್ದು, ಆದರೆ ಅವು ಬ್ಯಾಟರಿಯನ್ನು ನುಂಗಿಹಾಕುತ್ತಿದ್ದವು. ಇದು ನಾಲ್ಕು ಸೆಲ್ ಹಾಕಿದರೆ ಗಂಟೆಗಟ್ಟಲೆ ಆಡುತ್ತಿತ್ತು, ಬೆಲೆಯೂ ಕಡಿಮೆ. ಅದೂ ಅದರ ಬಣ್ಣದ ತಮ್ಮನೂ ಸೇರಿ 11 ಕೋಟಿಗೂ ಮಿಕ್ಕಿ ಮಾರಾಟವಾದವು. ಪಳಗಿದ ಅಗ್ಗದ ಸಾಮಾನಿನಿಂದಲೇ ಹೊಸ ಅಡುಗೆ ಮಾಡಬೇಕು ಎನ್ನುವುದು ಯೊಕೊಯಿಯ ಸಿದ್ಧಾಂತವಾಗಿತ್ತು. ಈತ ನಮ್ಮಲ್ಲಿ ಹುಟ್ಟಿದ್ದರೆ ಒಳ್ಳೆಯ ಗೃಹಿಣಿಯಾಗುತ್ತಿದ್ದ.

ಇನ್ನು ಹಳೆಯ ಆಟಗಳ ವಿಷಯ. ಎರಡನೆಯ ಪ್ಲೇಸ್ಟೇಷನ್ ಮೊದಲನೆಯದರ ಡಿಸ್ಕುಗಳನ್ನು ಆಡಿಸುತ್ತಿತ್ತು, ಡಿವಿಡಿ ಸಿನಿಮಾವನ್ನೂ ತೋರಿಸುತ್ತಿತ್ತು. ಹೊಸದನ್ನು ತಂದ ದಿನ ಹಳೆಯ ಡಿಸ್ಕುಗಳನ್ನು ಅಟ್ಟಕ್ಕೆ ಹಾಕಬೇಕಾಗಿರಲಿಲ್ಲ. 15 ಕೋಟಿಗೂ ಹೆಚ್ಚು ಮಾರಾಟವಾದ ಪೆಟ್ಟಿಗೆ ಅದು. ಮೂರನೆಯದರ ಆರಂಭದ ಯಂತ್ರಗಳೊಳಗೆ ಎರಡನೆಯದರ ಚಿಪ್ಪುಗಳನ್ನೇ ಕೂರಿಸಿದ್ದರು, ಆಮೇಲೆ ಖರ್ಚು ಹೆಚ್ಚೆಂದು ತೆಗೆದರು. ನಾಲ್ಕನೆಯದಕ್ಕೆ ಮೂರನೆಯದರ ಭಾಷೆಯೇ ತಿಳಿಯದು. ಐದನೆಯದು ನಾಲ್ಕನೆಯದರ ಆಟಗಳನ್ನು ಹೆಚ್ಚುಕಡಿಮೆ ಪೂರ್ತಿ ಆಡಿಸುತ್ತದೆ, ಮೂರನೆಯದರ ಡಿಸ್ಕು ಹಾಕಿದರೆ ಮಾತ್ರ ಕಣ್ಣು ಮಿಟುಕಿಸುವುದಿಲ್ಲ. ಹೊಸ ಮಿಕ್ಸಿ ಕೊಂಡರೆ ಹಳೆಯ ಜಾರು ಕೂರುವುದಿಲ್ಲವಲ್ಲ, ಆ ಜಾತಿಯ ಸಂಕಟ ಇದು. ಈ ವಿಷಯದಲ್ಲಿ ನಾನು ಮೆಚ್ಚುವುದು ಮೈಕ್ರೋಸಾಫ್ಟಿನವರನ್ನು. ಅವರ 2020ರ ಎಕ್ಸ್‌ಬಾಕ್ಸ್‌ನಲ್ಲಿ 2001ರ ಮೊದಲ ಎಕ್ಸ್‌ಬಾಕ್ಸ್‌ನ ಹಲವು ಆಟಗಳು ಕೂಡ ನಡೆಯುತ್ತವೆ. ಇಷ್ಟಾದರೂ ಒಟ್ಟು ಲೆಕ್ಕ ಬೇಸರದ್ದೇ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲವೆಂದು ವೀಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಎಣಿಸಿ ಹೇಳಿತು.

ಸಿಗದಿದ್ದರೆ ಏನಾಯಿತು, ಮಕ್ಕಳಾಟವಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ನಾನು ನಮ್ಮ ಮಾವನವರ ವಿಷಯ ಹೇಳಬೇಕು.

ನನ್ನ ಮಗಳು 2019ರಲ್ಲಿ ಕೆಲಸದ ಮೇಲೆ ಸಿಂಗಾಪುರಕ್ಕೆ ಹೋದವಳು ನಿಂಟೆಂಡೊ ಸ್ವಿಚ್ ತಂದಿದ್ದಳು. ಮರುವರ್ಷ ಮಾರ್ಚ್ 20ರಂದು 'ಅನಿಮಲ್ ಕ್ರಾಸಿಂಗ್: ನ್ಯೂ ಹೊರೈಜನ್ಸ್' ಎಂಬ ಆಟ ಬಂತು. ನಾಲ್ಕೈದು ದಿನಕ್ಕೆ ದೇಶಕ್ಕೇ ಬೀಗ ಬಿತ್ತು. ಮಗಳು ಶಿವಮೊಗ್ಗದ ಮನೆಯಲ್ಲಿ, ನಾವೆಲ್ಲರೂ ಒಳಗೆ. ಹೊಡೆದಾಟವಿಲ್ಲದ ಆಟ ಅದು. ಒಂದು ದ್ವೀಪ, ಅದರಲ್ಲಿ ಮನೆ ಕಟ್ಟಬೇಕು, ಗಿಡ ನೆಡಬೇಕು, ಮೀನು ಹಿಡಿಯಬೇಕು. ಮಾವನವರಿಗೆ ಆಗ ಎಂಬತ್ತೊಂದು. ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದವರು, ದಿನಾ ಬೆಳಿಗ್ಗೆ ಹೊಳೆಯವರೆಗೆ ನಡೆದುಬರುತ್ತಿದ್ದವರು. ಹೊರಗೆ ಹೋಗಲಾಗದೆ ಚಡಪಡಿಸುತ್ತಿದ್ದ ಅವರ ಕೈಗೆ ಮೊಮ್ಮಗಳು ಅದನ್ನು ಕೊಟ್ಟಳು. ದ್ವೀಪಕ್ಕೆ ತುಂಗಾ ಎಂದು ಹೆಸರಿಟ್ಟರು. ಕನ್ನಡದಲ್ಲಿ ಬರೆಯಬೇಕೆಂದು ಅರ್ಧ ಗಂಟೆ ಹುಡುಕಿ, ಅಕ್ಷರ ಸಿಗದೆ, ಇಂಗ್ಲಿಷಿನಲ್ಲಿ ಬರೆಸಿ ಗೊಣಗಿದರು. ಅಲ್ಲಿ ಟಾಮ್ ನೂಕ್ ಎಂಬ ಪ್ರಾಣಿ ಮನೆ ಕಟ್ಟಲು ಸಾಲ ಕೊಡುತ್ತದೆ, ಬಡ್ಡಿಯಿಲ್ಲ, ಗಡುವೂ ಇಲ್ಲ. "ಅಮ್ಮಣ್ಣಿ, ಬಡ್ಡಿ ಕೇಳದೆ ಸಾಲ ಕೊಡುವವನ ಹತ್ತಿರ ಹುಷಾರು. ಪತ್ರದಲ್ಲಿ ಏನಿದೆ ನೋಡು" ಎಂದು ಮೊಮ್ಮಗಳಿಗೆ ಎಚ್ಚರಿಕೆ ಹೇಳಿ, ತಾವು ಮಾತ್ರ ದಿನವಿಡೀ ಮೀನು ಹಿಡಿದು ಮಾರಿ ಪೂರ್ತಿ ಸಾಲ ತೀರಿಸಿದರು. ಹೊಸ ಜಾತಿಯ ಮೀನು ಸಿಕ್ಕರೆ ಮಾರದೆ ಗೂಬೆಯೊಂದು ನಡೆಸುವ ಮ್ಯೂಸಿಯಮ್ಮಿಗೆ ಕೊಡುತ್ತಿದ್ದರು. ತಿಂದು ಅಭ್ಯಾಸವಿಲ್ಲದ ಮನೆ ನಮ್ಮದು, ಆದರೂ ಯಾವ ತಿಂಗಳಲ್ಲಿ ಯಾವ ಮೀನು ಬರುತ್ತದೆಂದು ಡೈರಿಯಲ್ಲಿ ಬರೆದಿಟ್ಟಿದ್ದರು.

ಮಾವನವರು 2022ರಲ್ಲಿ ತೀರಿಕೊಂಡರು. ದ್ವೀಪ ಇದೆ. ತಿಂಗಳಿಗೊಮ್ಮೆ ನಾನು ಹೋಗಿ ಕಳೆ ಕಿತ್ತು ಬರುತ್ತೇನೆ, ಆ ಆಟದಲ್ಲಿ ಬಿಟ್ಟರೆ ಕಳೆ ಬೆಳೆಯುತ್ತದೆ. ಅವರ ಮನೆಯ ಬಾಗಿಲು ತೆರೆದು ಒಳಗೆ ಹೋಗಬಹುದು. ಒಂದು ಕುರ್ಚಿ, ಒಂದು ರೇಡಿಯೋ, ಗೋಡೆಗೆ ಒಂದು ಗಡಿಯಾರ. ಇಷ್ಟೂ ಇರುವುದು ಆ ಒಂದು ಯಂತ್ರದ ನೆನಪಿನಲ್ಲಿ. ಒಂದು ಯಂತ್ರಕ್ಕೆ ಒಂದೇ ದ್ವೀಪ.

ಹಾಗಾಗಿ ಮುಂದಿನ ಸ್ವಿಚ್ ಬರುತ್ತದೆಂಬ ಮಾತು ಎದ್ದಾಗ ಹುಡುಗರೆಲ್ಲ ಪರದೆಯ ಅಳತೆ ಕೇಳುತ್ತಿದ್ದರೆ, ಹಳೆಯ ಆಟ ಅದರಲ್ಲಿ ನಡೆಯುತ್ತದೋ ಇಲ್ಲವೋ ಎಂದು ನಾನು ಕೇಳುತ್ತಿದ್ದೆ. ಭಯಕ್ಕೆ ಕಾರಣವಿತ್ತು. 2017ರ ಸ್ವಿಚ್‌ನಲ್ಲಿ ಅದೇ ಕಂಪನಿಯ ಹಿಂದಿನ ವೀ ಯೂ, 3ಡಿಎಸ್ ಪೆಟ್ಟಿಗೆಗಳ ಆಟಗಳನ್ನು ಸಿಕ್ಕಿಸಲು ಕಂಡಿಯೇ ಇರಲಿಲ್ಲ. ಅವುಗಳ ಆಟ ಮಾರುವ ಅಂಗಡಿಯನ್ನೂ 2023ರ ಮಾರ್ಚಿನಲ್ಲಿ ಮುಚ್ಚಿದರು. ಪುಣ್ಯಕ್ಕೆ 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಮೊದಲ ಸ್ವಿಚ್‌ನ ಬಹುಪಾಲು ಆಟಗಳು ನಡೆಯುತ್ತವೆ, ಈ ದ್ವೀಪದ ಆಟವೂ ಸೇರಿ. ನಾವಿನ್ನೂ ಕೊಂಡಿಲ್ಲ. ಆದರೆ ಕೊಳ್ಳಬಹುದಾದ ಪೆಟ್ಟಿಗೆ ಅದು ಎಂದು ನನ್ನ ತೀರ್ಪು.

ಅದರಲ್ಲಿ ನನಗೆ ಒಪ್ಪಿಗೆಯಾಗದ ಒಂದು ವಿಷಯವೂ ಇದೆ. ಸ್ವಿಚ್ 2ರ ಕೆಲವು ಆಟಗಳಿಗೆ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಡಬ್ಬ ಸಿಗುತ್ತದೆ, ಡಬ್ಬದೊಳಗೆ ಕಾರ್ಡೂ ಇರುತ್ತದೆ, ಕಾರ್ಡಿನೊಳಗೆ ಆಟ ಇರುವುದಿಲ್ಲ. ಅದು ಬರೀ ಬೀಗದ ಕೈ. ಆಟವನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಕೀಲಿಕೈ ನಮ್ಮ ಸೊಂಟದಲ್ಲಿದ್ದು ಉಗ್ರಾಣ ಅವರ ಮನೆಯಲ್ಲಿದ್ದರೆ ನಮ್ಮನ್ನು ಯಜಮಾನಿ ಎನ್ನುತ್ತಾರೆಯೇ? ನಾಳೆ ಅವರು ಉಗ್ರಾಣ ಮುಚ್ಚಿದರೆ ಕೀಲಿಕೈಯನ್ನು ಮಗುವಿಗೆ ಆಡಲು ಕೊಡಬಹುದು. ಯೂಬಿಸಾಫ್ಟ್ ಎಂಬ ಕಂಪನಿ 'ದಿ ಕ್ರೂ' ಎಂಬ ಕಾರೋಟದ ಆಟವನ್ನು 2024ರ ಮಾರ್ಚ್ ಕೊನೆಗೆ ನಿಲ್ಲಿಸಿದಾಗ, ದುಡ್ಡು ಕೊಟ್ಟು ಡಿಸ್ಕು ಕೊಂಡವರ ಕೈಯಲ್ಲೂ ಉಳಿದದ್ದು ಬರೀ ತಟ್ಟೆ.

ಎರವಲಿನ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. ನಮ್ಮ ಪೀಳಿಗೆಯ ಹೆಂಗಸರು ಕಾದಂಬರಿ ಓದಿದ್ದು ಕೊಂಡಲ್ಲ. ಪಕ್ಕದ ಮನೆಯಿಂದ ತಂದು, ಸೆರಗಿನಡಿ ಇಟ್ಟುಕೊಂಡು, ಕೊನೆಯ ಪುಟ ಹರಿದುಹೋಗಿದ್ದರೆ ಯಾರನ್ನೋ ಕೇಳಿ ತಿಳಿದುಕೊಂಡು. ಆಟದ ಡಿಸ್ಕುಗಳೂ ಹುಡುಗರ ನಡುವೆ ಹಾಗೆಯೇ ಓಡಾಡಿವೆ. 2013ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಬೇಲಿ ಹಾಕಹೊರಟಿತು. ಎಕ್ಸ್‌ಬಾಕ್ಸ್ ಒನ್ ಎಂಬ ತನ್ನ ಹೊಸ ಪೆಟ್ಟಿಗೆ ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್ಟಿಗೆ ಹಾಜರಿ ಹಾಕಬೇಕು, ಡಿಸ್ಕನ್ನು ಸ್ನೇಹಿತರಿಗೆ ಕೊಡಲು, ಹಳೆಯದನ್ನು ಮಾರಲು ಕಟ್ಟುಪಾಡು ಎಂದು ಸಾರಿತು. ನೆಟ್ ಸಿಗದವರಿಗೆ ನಮ್ಮ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂದು ಅಲ್ಲಿಯ ದೊಡ್ಡ ಅಧಿಕಾರಿಯೊಬ್ಬರು ಹೇಳಿದ ಮಾತು ಉರಿಯುವ ಬೆಂಕಿಗೆ ತುಪ್ಪವಾಯಿತು. ಜೂನಿನಲ್ಲಿ ಸೋನಿ ಕಂಪನಿ ಚಿಕ್ಕದೊಂದು ವೀಡಿಯೋ ಬಿಟ್ಟಿತು, ನಮ್ಮ ಪೆಟ್ಟಿಗೆಯಲ್ಲಿ ಆಟ ಎರವಲು ಕೊಡುವುದು ಹೇಗೆ ಎಂದು. ಅದರಲ್ಲಿ ಒಬ್ಬ ಡಬ್ಬವನ್ನು ಇನ್ನೊಬ್ಬನ ಕೈಗೆ ಕೊಡುತ್ತಾನೆ. ಅಷ್ಟೇ, ಮುಗಿಯಿತು! ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ತನ್ನ ಕಟ್ಟಳೆಗಳನ್ನು ಹಿಂತೆಗೆದುಕೊಂಡಿತು. ಆಟಗಾರರ ಬೇಡಿಕೆಗೆ ಕಂಪನಿ ತಲೆಬಾಗಿದ ಇಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದು ನನಗೆ ನೆನಪಾಗುವುದಿಲ್ಲ. ಡಬ್ಬವೇ ಇಲ್ಲದೆ ಕೊಂಡ ಆಟವನ್ನೂ ಮನೆಯವರಿಗೆ ಎರಡು ವಾರದ ಮಟ್ಟಿಗೆ ಎರವಲು ಕೊಡುವ ಏರ್ಪಾಟನ್ನು ನಿಂಟೆಂಡೊ 2025ರಲ್ಲಿ ಮಾಡಿತು. ಲೈಬ್ರರಿಯ ಹಾಗೆ ಗಡುವು ಮುಗಿದ ಕೂಡಲೇ ತಾನಾಗಿ ಹಿಂದಿರುಗುತ್ತದೆ. ಪುಸ್ತಕಗಳಿಗೂ ಈ ಬುದ್ಧಿ ಇದ್ದಿದ್ದರೆ ನನ್ನ ಕಪಾಟು ಇಷ್ಟು ಖಾಲಿಯಿರುತ್ತಿರಲಿಲ್ಲ.

ಬೆಲೆಯ ಮಾತೆತ್ತಿದರೆ ಹುಡುಗರ ಮುಖ ಬಾಡುತ್ತದೆ. ಹಿಂದೆ ಪೆಟ್ಟಿಗೆಗೆ ವಯಸ್ಸಾದಂತೆ ಬೆಲೆ ಇಳಿಯುತ್ತಿತ್ತು. ಅಮೆರಿಕದಲ್ಲಿ 299 ಡಾಲರಿಗೆ ಬಂದ ಎರಡನೆಯ ಪ್ಲೇಸ್ಟೇಷನ್ 2009ಕ್ಕೆ 99 ಡಾಲರಿಗೆ ಇಳಿದಿತ್ತು. ಕಾಯುವವರಿಗೆ ಫಲವಿತ್ತು. ಐದನೆಯದು ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂದು, ಇಳಿಯುವ ಬದಲು 2022ರಲ್ಲಿ 54,990ಕ್ಕೆ ಏರಿತು. ಅಮೆರಿಕದಲ್ಲೂ 2025ರ ಆಗಸ್ಟಿನಲ್ಲಿ 50 ಡಾಲರ್ ಏರಿಸಿದರು. 2024ರ ನವೆಂಬರಿನಲ್ಲಿ ಬಂದ ಅದರ ಪ್ರೋ ಎಂಬ ಅಣ್ಣನಿಗೆ ಆಗ 700 ಡಾಲರ್ ಇತ್ತು, ಅದಕ್ಕೆ ಡಿಸ್ಕು ಹಾಕುವ ಬಾಯೇ ಇಲ್ಲ. ಬಾಯಿ ಬೇಕೆಂದರೆ ಬೇರೆ ದುಡ್ಡು. ನಿಲ್ಲಿಸುವ ಕಾಲಿಗೂ ಬೇರೆ. ಇಂಥದ್ದನ್ನು ಹೊಗಳಿ ಬರೆಯುವವರೂ ಇದ್ದಾರೆ, ಅವರ ಮನೆ ಖರ್ಚು ಯಾರು ನೋಡಿಕೊಳ್ಳುತ್ತಾರೋ.

ಕಳೆದ ಸಲ ಬಂದಾಗ ತಂಗಿಯ ಮಗ ಮುಂದಿನ ಪೆಟ್ಟಿಗೆಗಾಗಿ ಹೊಸ ಪಟ್ಟಿ ಓದಿ ಹೇಳಿದ. "ದೊಡ್ಡಮ್ಮ, ನಿಮ್ಮದೇನಾದರೂ ಸೇರಿಸಬೇಕಾ?" ಎಂದ. ಅಕ್ಷರ ದೊಡ್ಡದಿರಲಿ ಎಂದೆ. ದೊಡ್ಡ ಟೀವಿಯಲ್ಲೂ ಸಾಸಿವೆ ಕಾಳಿನಷ್ಟು ಅಕ್ಷರ ಬರೆಯುವುದು ಈ ಆಟ ಮಾಡುವವರ ಹುಟ್ಟುಗುಣ. 2020ರ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2'ರಲ್ಲಿ ಕಣ್ಣು ಕಿವಿ ಕೈ ಸರಿಯಿಲ್ಲದವರಿಗೆಂದು ಅರವತ್ತಕ್ಕೂ ಹೆಚ್ಚು ಅನುಕೂಲಗಳನ್ನು ಕೊಟ್ಟು ತೋರಿಸಿದ್ದಾರೆ, ಮನಸ್ಸಿದ್ದರೆ ಆಗುತ್ತದೆ. ಅವನು ಬರೆದುಕೊಂಡ. ಕನ್ನಡ ಅಕ್ಷರವೂ ಇರಲಿ ಎಂದೆ. "ಅದು ಎಷ್ಟನೇ ನಂಬರಿಗೆ ಹಾಕಲಿ?" ಎಂದು ಕೇಳಿದ. ಮೊದಲನೆಯದಕ್ಕೆ ಹಾಕು, ಎಂದೆ. ಚಿತ್ರದ ಸಾಲನ್ನು ಅವನು ಎರಡಕ್ಕೆ ಇಳಿಸಿದ.